ನಾಲ್ಕು ನಿಂಬೆಹಣ್ಣು, ನಾನೂರು ಕುದುರೆ

ಗೇರ್ ಎಣ್ಣೆಯೂ ವಿಭೂತಿಯೂ ಸೇರಿದರೆ ಒಂದು ವಾಸನೆ ಹುಟ್ಟುತ್ತದೆ. ಅದನ್ನು ಬಲ್ಲವರು ಈಗ ಹೆಚ್ಚು ಜನ ಇರಲಾರರು. ನಮ್ಮಪ್ಪ ದಾವಣಗೆರೆಯಲ್ಲಿ ಎರಡು ಲಾರಿ ಇಟ್ಟಿದ್ದರು. ಬೊಂಬಾಯಿಗೆ ಹೋಗಿ ಬಂದ ಲಾರಿಯ ಕೆಳಗೆ ಮಲಗಿ ಏನೇನೋ ಬಿಚ್ಚಿ ಕಟ್ಟಿ, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಬಂದು ನನ್ನನ್ನು ಎತ್ತಿಕೊಂಡರೆ ಅವರ ಮೈಯಿಂದ ಆ ವಾಸನೆ ಬರುತ್ತಿತ್ತು. ಸೋಪಿಗೆ ಅದು ಬಗ್ಗುತ್ತಿರಲಿಲ್ಲ. ಮುಂದೆ ನನ್ನನ್ನು ನೋಡಲು ಬಂದ ಏಕಾಂತಪ್ಪನವರು ಚಕ್ಕುಲಿ ತಟ್ಟೆಗೆ ಕೈ ಚಾಚಿದಾಗಲೂ ಅದೇ ವಾಸನೆ. ಬಿ.ಎಸ್ಸಿ. ಫಿಸಿಕ್ಸ್ ಓದಿದ ಹುಡುಗಿ ಮದರಾಸಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನನ್ನು ಯಾಕೆ ಒಪ್ಪಿದಳು ಎಂದು ನಮ್ಮ ಕಡೆಯವರು ಈಗಲೂ ಕೇಳುತ್ತಾರೆ. ಮೂಗು ಒಪ್ಪಿತ್ತು, ನಾನು ಬರೀ ತಲೆಯಾಡಿಸಿದೆ.

ನಮ್ಮವರು ಪುದುಪೇಟೆಯಲ್ಲಿ ನಲವತ್ತು ವರ್ಷ ಕ್ಲಚ್ ಪ್ಲೇಟು, ಬ್ರೇಕ್ ಶೂ, ಬೇರಿಂಗು ಮಾರಿದರು. ಅಂಗಡಿ ಮುಚ್ಚಿದ ಮೇಲೆ ಉಳಿದದ್ದು ಒಂದು ಹಳೆಯ ಫಿಯೆಟ್. ಹೋದ ವರ್ಷ ಅದು ನಮ್ಮ ಮೈಲಾಪೂರಿನ ಫ್ಲಾಟಿನ ಗೇಟಿನ ಕಂಬಕ್ಕೆ ಮೆಲ್ಲಗೆ ಹೆಗಲು ಕೊಟ್ಟಿತು. ಕಂಬಕ್ಕೆ ಏನೂ ಆಗಲಿಲ್ಲ. ಆದರೆ ನಮ್ಮ ಮಗಳು ಬಿಂದು ವೇಳಚೇರಿಯಿಂದ ಓಡಿಬಂದು, "ಅಪ್ಪಾ, ಇವತ್ತು ಕಂಬ, ನಾಳೆ ಮನುಷ್ಯರು," ಎಂದು ಆ ವಾರವೇ ಗಾಡಿ ಮಾರಿಸಿದಳು. ಅವಳ ಮಾತು ಸರಿಯಾಗಿತ್ತು. ಸರಿಯಾದ ಮಾತಿಗೆ ಎದುರಾಡಲು ಬಾರದೆ ಇವರು ಮಾತನ್ನೇ ಬಿಟ್ಟರು. ಬಾಲ್ಕನಿಯ ಕುರ್ಚಿಯನ್ನು ಪಾರ್ಕಿಂಗ್ ಕಾಣದ ಹಾಗೆ ತಿರುಗಿಸಿಕೊಂಡು ಏಳು ತಿಂಗಳು ಕೂತರು. ಆ ಏಳು ತಿಂಗಳಲ್ಲಿ ನಾನು ಕೇಳಿದ ಪದಗಳು ಮೂರು: ಕಾಫಿ, ಬೇಡ, ಆಯ್ತು.

ಬಿಂದುವಿಗೆ ಒಳಗೇ ಚುಚ್ಚಿರಬೇಕು. ಅಪ್ಪ ವಚನ ಕೇಳಲಿ ಎಂದು ಒಂದು ಟ್ಯಾಬ್ ತಂದುಕೊಟ್ಟಳು. ವಚನಗಾಯನಕ್ಕೂ ಅಮೆರಿಕದ ಕಾರುಗಳಿಗೂ ನಡುವೆ ತಪ್ಪಿ ತಗಲುವ ಒಂದು ಬೆರಳಿನಷ್ಟೇ ದೂರ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇವರು ತಿಂಡಿಗೆ ಕೂತು ಒಂದು ಪೂರ್ತಿ ವಾಕ್ಯ ಆಡಿದರು.

"ಶಂಕ್ರೀ, ಆ ಚಾಲೆಂಜರಿಗೆ ಏಳುನೂರಕ್ಕಿಂತ ಹೆಚ್ಚು ಕುದುರೆ ಶಕ್ತಿ ಐತಂತೆ. ಆದ್ರೆ ತಿರುವಿನಾಗ ಒದ್ದಾಡ್ತದಂತೆ."

ಸಂತೋಷಕ್ಕೆ ನಾನು ಉಪ್ಪಿಟ್ಟಿಗೆ ಎರಡನೆಯ ಸಲ ಉಪ್ಪು ಹಾಕಿಬಿಟ್ಟೆ. ಅವರು ಅದನ್ನೂ ಗಮನಿಸದೆ ತಿಂದು, ಅಂಗಿ ಹಾಕಿಕೊಂಡು, ತಾವಾಗಿಯೇ ಕೆಳಗಿಳಿದು ಹೋದರು.

ಕೆಳಗೆ, ಫಿಯೆಟ್ ನಿಲ್ಲುತ್ತಿದ್ದ ಜಾಗದ ಪಕ್ಕ, ಒಂದು ಕಲ್ಲುಬೆಂಚಿದೆ. ಅಲ್ಲಿ ದಿನವೂ ಕೂರುತ್ತಿದ್ದವರು ಎರಡನೆಯ ಮಹಡಿಯ ಮಹದೇವ. ಚಾಮರಾಜನಗರ ಕಡೆಯವರು, ಬಸ್ ಡಿಪೊದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದು ನಿವೃತ್ತರಾಗಿ, ಹೆಂಡತಿ ಸಣ್ಣಮ್ಮನ ಜೊತೆ ಇಲ್ಲಿ ಮಗಳ ಮನೆಗೆ ಬಂದು ಎರಡು ವರ್ಷ. ತಮಿಳು ಬಾರದು. ಬಸ್ಸು ಬಿಡುತ್ತಿದ್ದ ಸೀಟಿ ಇನ್ನೂ ಜೇಬಿನಲ್ಲಿದೆ. ನಮ್ಮವರಿಗೆ ಬಲಗಿವಿ ಮಂದ ಎಂದು ಯಾರೂ ಹೇಳಿರಲಿಲ್ಲ. ಆದರೆ ಮಹದೇವ ಎರಡನೆಯ ದಿನದಿಂದ ಎದ್ದು ಬಂದು ಎಡಗಡೆ ಕೂರತೊಡಗಿದ್ದನ್ನು ನಾನು ಮೇಲಿನಿಂದ ನೋಡಿದೆ. ಆಮೇಲೆ ಬಾಲ್ಕನಿಯ ಕುರ್ಚಿಯನ್ನು ಪಾರ್ಕಿಂಗಿನ ಕಡೆ ತಿರುಗಿಸಿಕೊಂಡವಳು ನಾನು.

ಉಪನ್ಯಾಸ ದಿನಾ ಸಂಜೆ ಐದಕ್ಕೆ. "ನೋಡ್ರಿ ಮಹದೇವಪ್ಪಾ, ಮೂರು ಗಾಡಿ. ಕಮಾರೊ, ಚಾಲೆಂಜರ್, ಮಸ್ಟಾಂಗ್. ಕಮಾರೊ ತಿರುವಿನಾಗ ಹಾವು ಹರಿದಂಗ ಹೋಗ್ತದ. ಆದ್ರೆ ಕಿಟಕಿ ಸಣ್ಣವು. ಮಂಕಿ ಕ್ಯಾಪ್ ಹಾಕ್ಕೊಂಡು ಸಂತಿಗೆ ಹೋದಂಗ, ಪಕ್ಕದಾಗ ಯಾರದಾರ ಕಾಣೂದಿಲ್ಲ."

"ಚಾಲೆಂಜರ್ ಸಾರ್?"

"ಅದು ಬೀಗರು ಬಂದಂಗ. ಬಂದದ್ದು ಊರಿಗೆಲ್ಲ ಗೊತ್ತಾಗ್ಬೇಕು, ತಿರುಗಬೇಕಾದ್ರ ಚಪ್ಪರದಾಗಿರೋರೆಲ್ಲ ಎದ್ದು ಜಾಗ ಬಿಡ್ಬೇಕು. ಆದ್ರ ಕೂತೋರಿಗೆ ಭಾರಿ ಸುಖ. ಇನ್ನು ಮಸ್ಟಾಂಗ್. ಅದರ ಹಿಂದಿನ ಗಾಲಿಗಳಿಗೆ ಮೊದಲು ಎತ್ತಿನಗಾಡಿ ಹಂಗ ಒಂದೇ ಅಚ್ಚು. ಒಂದು ಹಳ್ಳಕ್ಕೆ ಬಿದ್ರ ಇನ್ನೊಂದೂ ಕುಂಟೋದು. ಈಗ ಎರಡೂ ಬ್ಯಾರೆ ಬ್ಯಾರೆ. ಒಂದರ ಕಷ್ಟ ಇನ್ನೊಂದಕ್ಕೆ ಗೊತ್ತೇ ಆಗೂದಿಲ್ಲ."

"ಥೇಟ್ ನಮ್ ಫ್ಲಾಟ್ ಇದ್ದಂಗೆ ಬುಡಿ ಸಾರ್," ಎಂದರು ಮಹದೇವ.

ಎಂಜಿನ್ ಮುಂದಿದ್ದರೂ ದುಡಿಯುವುದು ಹಿಂದಿನ ಗಾಲಿ ಎನ್ನುವುದನ್ನು ಇವರು ತರಕಾರಿ ತಳ್ಳುಗಾಡಿಯವಳನ್ನು ನಿಲ್ಲಿಸಿ ತೋರಿಸಿದರು. "ಇವಳು ಹಿಂದಿನಿಂದ ತಳ್ಳತಾಳಲ್ಲ, ಅದು ಮಸ್ಟಾಂಗ್. ಮುಂದಿನಿಂದ ಎಳೆದ್ರ ನಮ್ಮ ಬಿಂದೂನ ಕಾರು." ಆಕೆ ಒಂದು ಕಟ್ಟು ಕೊತ್ತಂಬರಿಯನ್ನು ಸುಮ್ಮನೆ ಕೊಟ್ಟು ಹೋದಳು, ಮಸ್ಟಾಂಗ್ ಎಂದು ಕರೆಸಿಕೊಂಡದ್ದಕ್ಕೆ. ಟಾರ್ಕ್ ಎಂದರೇನು ಎಂದು ಮಹದೇವ ಕೇಳಿದ ದಿನ ಇವರು "ಹಾಲು ಉಕ್ಕೀತು, ಬಂದೆ," ಎಂದು ಮೇಲೆ ಓಡಿಬಂದರು. ನಾನು ಗ್ರೈಂಡರ್ ತೋರಿಸಿದೆ. "ತುಂಬಿದ ಅಕ್ಕಿಯನ್ನ ಮೊದಲನೇ ಸುತ್ತು ತಿರುಗಿಸೋ ಬಲ ಟಾರ್ಕ್. ಆ ಬಲದಾಗೇ ಎಷ್ಟು ಬೇಗ ಹಿಟ್ಟು ಮಾಡ್ತದ ಅನ್ನೂದು ಪವರ್." ಐದು ನಿಮಿಷದಲ್ಲಿ ನನ್ನ ಗ್ರೈಂಡರ್ ಕೆಳಗೆ ಅವರ ಗ್ರೈಂಡರ್ ಆಗಿ ಮಾತಾಡುತ್ತಿತ್ತು.

ಇಲ್ಲಿಯವರೆಗೆ ಯಾರಿಗೂ ತೊಂದರೆಯಿರಲಿಲ್ಲ. ಒಂದು ಬುಧವಾರ ಮಹದೇವ ಪೂರ್ತಿ ಭಕ್ತಿಯಿಂದ ಕೇಳಿದರು: "ಸಾರ್, ನೀವು ಮಸ್ಟಾಂಗ್ ಓಡಿಸಿದ್ದು ಎಲ್ಲಿ?"

ಓಡಿಸಿದ್ದೀರಾ ಎಂದು ಕೇಳಿದ್ದರೆ ಇವರು ಇಲ್ಲ ಎನ್ನುತ್ತಿದ್ದರು ಎಂದು ನಾನು ಇಂದಿಗೂ ನಂಬಿದ್ದೇನೆ. ಎಲ್ಲಿ ಎಂದು ಕೇಳಿದರು. ಎಲ್ಲಿ ಎಂಬ ಪ್ರಶ್ನೆಗೆ ಊರಿನ ಹೆಸರೇ ಉತ್ತರ.

"ತಿರುವೊಟ್ಟಿಯೂರು ರಸ್ತೇಲಿ," ಎಂದುಬಿಟ್ಟರು. "ಹಡಗಿನಾಗ ಬಂದಿತ್ತು. ಒಂದೇ ಸಲ. ಕ್ಲಚ್ಚು ಅಂದ್ರ ಕ್ಲಚ್ಚು ಮಹದೇವಪ್ಪಾ! ಒತ್ತಿ ಒತ್ತಿ ಮೂರು ದಿನ ಎಡತೊಡೆ ನೋವು."

ಎಡತೊಡೆ ನೋವು ನಿಜ. ಹಿಂದಿನ ವಾರ ಶೇರ್ ಆಟೊದಿಂದ ಇಳಿಯುವಾಗ ಉಳುಕಿತ್ತು. ಮುಲಾಮು ತಿಕ್ಕಿದವಳು ನಾನೇ.

ಮಹದೇವನಿಗೆ ಈ ಊರಿನಲ್ಲಿ ಸಿಕ್ಕ ಮೊದಲ ದೊಡ್ಡ ಸ್ನೇಹಿತ ನಮ್ಮವರು. ಆ ಸ್ನೇಹಿತ ಮಸ್ಟಾಂಗ್ ಓಡಿಸಿದವರು ಎಂದು ಗೊತ್ತಾದ ಮೇಲೆ ಸುಮ್ಮನಿರಲು ಆದೀತೆ? ಶುಕ್ರವಾರದೊಳಗೆ ಒಂದು ಸಲ ಹತ್ತು ಸಲವಾಯಿತು, ಒಂದು ಗಾಡಿ ಮೂರು ಗಾಡಿಯಾಯಿತು. ಮೊದಲ ಮಹಡಿಯ ಅನಸೂಯ ಬಂದು, ಮಗಳಿಗೆ ಯಾವ ಸ್ಕೂಟರ್ ಕೊಡಿಸಲಿ ಎಂದು ಕೇಳಿ, "ಹಿಂದಿನ ಗಾಲಿ ದುಡಿಯೋದು ತಗೋ," ಎಂಬ ಉಪದೇಶ ಪಡೆದು ಹೋದರು. ಎಲ್ಲ ಸ್ಕೂಟರಿನಲ್ಲೂ ಹಿಂದಿನ ಗಾಲಿಯೇ ದುಡಿಯುವುದು ಎಂದು ನಾನು ಹೇಳಲಿಲ್ಲ. ಮಹದೇವ ಕನ್ನಡ ಸಂಘಕ್ಕೆ ಹೋಗಿ ಬರುವ ತಿಂಗಳ ಕಾರ್ಯಕ್ರಮವನ್ನೇ ಗೊತ್ತುಮಾಡಿ, ನೂರು ಕರಪತ್ರ ಅಚ್ಚು ಹಾಕಿಸಿ ತಂದರು: 'ಅಮೆರಿಕದ ಕಾರುಗಳು: ಒಂದು ಪ್ರತ್ಯಕ್ಷ ಅನುಭವ. ಶ್ರೀ ಏಕಾಂತಪ್ಪನವರಿಂದ. ಉಪಾಹಾರ ಉಂಟು.'

"ಹೇಳಿಬಿಡ್ರಿ," ಎಂದೆ ನಾನು. "ಓಡಿಸಿಲ್ಲ ಅಂತ ಒಂದು ಮಾತು."

ಅವರು ಕರಪತ್ರವನ್ನು ನಾಲ್ಕಾಗಿ ಮಡಿಸಿದರು. "ಹೇಳಿದ್ರ ಆ ಬೆಂಚಿನ ಮ್ಯಾಲೆ ಯಾವ ಮುಖ ಇಟ್ಕೊಂಡು ಕೂಡ್ಲಿ? ಮತ್ತ ಬಾಲ್ಕನಿಗೆ ಬರ್ಬೇಕು."

ಆಮೇಲೆ ನಾನೂ ಒತ್ತಾಯ ಮಾಡಲಿಲ್ಲ. ಆ ಸುಳ್ಳಿನಲ್ಲಿ ಸ್ವಲ್ಪ ಪಾಲು ನನ್ನದೂ ಹೌದು.

ಕರಪತ್ರ ಕೋಡಂಬಾಕ್ಕಂ ತಲುಪಿತು. ಅಲ್ಲಿ ನನ್ನ ತಮ್ಮನ ಮಗ ಶಿವರಂಜನ್ ಸಿನಿಮಾದವರಿಗೆ ಲೈಟು ಬಾಡಿಗೆಗೆ ಕೊಡುತ್ತಾನೆ. ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ, ಅವನ ಕನ್ನಡದಲ್ಲಿ ಅರ್ಧ ತಮಿಳು. "ಅತ್ತೇ!" ಎಂದು ಫೋನಿನಲ್ಲೇ ಕೂಗಿದ. "ಮಾಮ ಮಸ್ಟಾಂಗ್ ಓಡಿಸಿರೋದು ಯಾಕೆ ಹೇಳ್ಲೇ ಇಲ್ಲ? ನಾನು ಸೆಕೆಂಡ್ ಹ್ಯಾಂಡಲ್ಲಿ ಒಂದು ಮಸ್ಟಾಂಗ್ ತಗೊಂಡಿದೀನಿ. ವಿ-ಎಯ್ಟ್! ಭಾನುವಾರ ಪೂಜೆ. ನಿಂಬೆಹಣ್ಣಿನ ಮೇಲೆ ಮಾಮಾನೇ ಹತ್ತಿಸಬೇಕು. ನಮ್ಮ ಮನೆ ಪಳಕ್ಕಂ ಅಲ್ವಾ?"

ನಮ್ಮ ತವರಿನ ರೂಢಿ ಅದು, ನಿಜ. ಹೊಸ ಗಾಡಿ ಬಂದರೆ ಮಾಲೀಕ ಮೊದಲು ಓಡಿಸುವಂತಿಲ್ಲ. ಕೈಗುಣ ಒಳ್ಳೆಯದಿರುವ, ಪಳಗಿದ ಹಿರಿಯನೊಬ್ಬ ಗಾಲಿಯಡಿಯ ನಿಂಬೆಹಣ್ಣು ದಾಟಿಸಿ ಕೊಡಬೇಕು. ನಮ್ಮಪ್ಪನ ಲಾರಿಗಳೂ ಹಾಗೆಯೇ ಅಂಗಳದಿಂದ ಹೊರಟದ್ದು. ಆಗಲಿ ಎಂದುಬಿಟ್ಟೆ.

ಭಾನುವಾರ ನಾಲ್ಕು ಗಂಟೆಗೆ ಆ ಕೆಂಪು ಗಾಡಿ, ಮಾರಿದವರ ಡ್ರೈವರ್ ಕೈಯಲ್ಲಿ, ನಮ್ಮ ಓಣಿಗೆ ಬಂತು. ಬಂತು ಎನ್ನುವುದಕ್ಕಿಂತ ಓಣಿ ಅದನ್ನು ತೊಟ್ಟುಕೊಂಡಿತು ಎನ್ನಬೇಕು. ಎರಡು ಕಡೆಯ ಸ್ಕೂಟರುಗಳನ್ನು ಜನ ಎತ್ತಿ ಮನೆಯೊಳಗಿಟ್ಟರು. ಇಸ್ತ್ರಿಯ ಶೀನ ತನ್ನ ಗಾಡಿಯನ್ನು ತಾನೇ ಮೂರು ಮನೆ ಆಚೆ ತಳ್ಳಿ, ಕೆಂಡ ಆರದಿರಲಿ ಎಂದು ಕೈಯಡ್ಡ ಹಿಡಿದು ನಿಂತ. ಮೂಲೆಯ ಪಿಳ್ಳೈಯಾರ್ ಗುಡಿಯ ಪೂಜಾರಿ ಗುರುಕ್ಕಳ್ ಕುಂಕುಮ, ಹೂವು, ಕರ್ಪೂರ ಹಿಡಿದು ಬಂದರು. ನಮ್ಮವರು ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆದರು. ಸಾಲದೆಂಬಂತೆ ಮತ್ತೊಮ್ಮೆ ಎಳೆದು ಮೂರು ಗೆರೆ ಆರು ಮಾಡಿದರು.

ಭಾನುವಾರ ರಾಹುಕಾಲ ನಾಲ್ಕೂವರೆಗೆ. ಇನ್ನು ಇಪ್ಪತ್ತು ನಿಮಿಷ ಎಳೆದರೆ ಯಾರೂ ಗಾಡಿ ತೆಗೆಯುವಂತಿಲ್ಲ. ಇವರ ಕಣ್ಣು ಗಡಿಯಾರದ ಮೇಲಿದ್ದದ್ದು ನನಗೊಬ್ಬಳಿಗೇ ಕಾಣಿಸಿತು.

"ಸ್ವಾಮಿ, ಮುಂದಿನ ಎರಡು ನಿಂಬೆಹಣ್ಣು ತೆಗೀರಿ," ಎಂದು ಶುರುಮಾಡಿದರು. "ಇದು ಹಿಂದಿನ ಗಾಲಿಯ ಗಾಡಿ. ಮುಂದಿನವು ಬರೀ ತಿರುಗಿಸಾಕ. ದುಡಿಯದ ಗಾಲಿಗೆ ಯಾಕ ನಿಂಬೆಹಣ್ಣು?"

"ನಾಲು ಚಕ್ರಂ ಸಾರ್, ನಾಲು ಎಲುಮಿಚ್ಚಂಪಳಂ," ಎಂದರು ಗುರುಕ್ಕಳ್. ಎಂಜಿನ್ ಎಲ್ಲಿದ್ದರೇನು, ಶಾಸ್ತ್ರಕ್ಕೆ ನಾಲ್ಕು ಗಾಲಿಯೂ ಒಂದೇ ಎಂದು ಅವರ ವಾದ.

ಇವರು ತಳ್ಳುಗಾಡಿಯಿಂದ ಆರಂಭಿಸಿ ಕಮಾರೊ, ಚಾಲೆಂಜರ್ ಸುತ್ತಿ, ಅವೆರಡನ್ನೂ ಈಗ ತಯಾರಿಸುವುದೇ ನಿಲ್ಲಿಸಿದ್ದಾರೆ ಎಂದು ದುಃಖಪಟ್ಟು, ನನ್ನ ಗ್ರೈಂಡರಿನವರೆಗೆ ಬಂದರು. ಅಮೆರಿಕದಲ್ಲಿ ಇದಕ್ಕೆ ಇನ್ನೂ ಹೆಚ್ಚು ಕುದುರೆ, ನಮ್ಮ ದೇಶಕ್ಕೆ ಬಂದದ್ದಕ್ಕೆ ಸುಮಾರು ನಾನೂರು ಎಂದರು. ಗುರುಕ್ಕಳ್ ತಾಳ್ಮೆಯಿಂದ ಎಲ್ಲ ಕೇಳಿ, "ಸರಿ ಸಾರ್," ಎಂದು ನಾಲ್ಕು ನಿಂಬೆಹಣ್ಣನ್ನೂ ನಾಲ್ಕು ಗಾಲಿಯ ಮುಂದೆ ಇಟ್ಟರು. ಇನ್ನೂ ಏಳು ನಿಮಿಷವಿತ್ತು.

"ಹತ್ತಿ ಸಾರ್, ಟೈಮಾಯ್ತು!" ಎಂದರು ಮಹದೇವ. ಬಿಳಿ ಅಂಗಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು, ವಿಡಿಯೊ ತೆಗೆಯಲು ಗಾಡಿಯ ಹಿಂದೆ ನಿಂತಿದ್ದರು. ಸಣ್ಣಮ್ಮ ಆರತಿ ತಟ್ಟೆ ಹಿಡಿದು ಗಾಡಿಯ ಮುಂದೆ ನಿಂತಿದ್ದರು.

ಇವರೊಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಪಕ್ಕದ ಸೀಟಿಗೆ ಇಳಿದೆ. ಆ ಗಾಡಿಗೆ ಹತ್ತುವುದಿಲ್ಲ, ಇಳಿಯುವುದು. ಶಿವರಂಜನ್ ಕಿಟಕಿಯಿಂದ ಬಗ್ಗಿ, "ಮಾಮ, ಆ ಅಗಲ ಪೆಡಲ್ ಒತ್ತಿ ಹಿಡ್ಕೊಳ್ಳಿ," ಎಂದ. ಇವರ ಎಡಗಾಲು ನಲವತ್ತು ವರ್ಷದ ಅಭ್ಯಾಸದಿಂದ ಹೋಗಿ ಅದರ ಮೇಲೆ ಕೂತಿತು. ಅವನು ಸ್ಟಾರ್ಟಿನ ಗುಂಡಿ ಒತ್ತಿದ, ಗೇರು ಹಾಕಿದ, ಶಬ್ದ ಚೆನ್ನಾಗಿ ಬರಲೆಂದು ಇನ್ನೂ ಯಾವುದೋ ಗುಂಡಿ ಒತ್ತಿ ಹಿಂದೆ ಸರಿದ. ಗಾಡಿ ಒಮ್ಮೆ ಗುಡುಗಿತು. ಕಪಾಲಿ ಗುಡಿಯ ಕೆರೆಯ ಕಡೆಯಿಂದ ಕಾಗೆಗಳೆಲ್ಲ ಎದ್ದವು.

"ಶಂಕ್ರೀ," ಎಂದು ಇವರು ತುಟಿಯಲ್ಲೇ ಅಂದರು. "ಎರಡೇ ಪೆಡಲ್ ಅದಾವ."

"ಹಂಗಾದ್ರ ಇದಕ್ಕ ಕ್ಲಚ್ ಇಲ್ಲರೀ. ಆಟೊಮ್ಯಾಟಿಕ್."

ನಲವತ್ತು ವರ್ಷ ಕ್ಲಚ್ ಪ್ಲೇಟು ಮಾರಿದ ಮನುಷ್ಯ ನನ್ನ ಮುಖ ನೋಡಿದರು. "ಕ್ಲಚ್ ಇಲ್ದ ಗಾಡಿ ಹೆಂಗ..."

ಹಿಂದಿನಿಂದ ಸೀಟಿ ಕೂಗಿತು. "ರೈಟ್! ಹೋಗ್ಲೀ!"

ಡಿಪೊದ ಸೀಟಿಗೆ ಯೋಚನೆ ಮಾಡಲು ಅವಕಾಶವಿರುವುದಿಲ್ಲ. ಇವರು ಫಿಯೆಟ್ಟನ್ನು ಹೇಗೆ ತೆಗೆಯುತ್ತಿದ್ದರೋ ಹಾಗೆಯೇ ತೆಗೆದರು: ಎಡಗಾಲು ಕ್ಲಚ್ ಎಂದುಕೊಂಡ ಬ್ರೇಕಿನ ಮೇಲೆ ಗಟ್ಟಿಯಾಗಿ, ಬಲಗಾಲಿನಲ್ಲಿ ಮುದಿ ಫಿಯೆಟ್ಟನ್ನು ಎಬ್ಬಿಸಲು ಬೇಕಾಗುವಷ್ಟು ಪೆಟ್ರೋಲು. ನಾನೂರು ಕುದುರೆಗಳೂ ಒಟ್ಟಿಗೆ ಎದ್ದವು. ಮುಂದಿನ ಗಾಲಿಗಳು ಬ್ರೇಕಿಗೆ ಕಚ್ಚಿಕೊಂಡು ನಿಂತವು. ಹಿಂದಿನವು ನಿಂತಲ್ಲೇ ಗಿರಗಿರನೆ ಸುತ್ತಿ, ಬಿಳಿ ಹೊಗೆಯೆಬ್ಬಿಸಿ, ಒಂದು ನಿಂಬೆಹಣ್ಣನ್ನು ಅರೆದು, ಇನ್ನೊಂದನ್ನು ಇಡಿಯಾಗಿ ಹಿಂದಕ್ಕೆ ಎಸೆದವು. ಅದು ನೇರ ಹೋಗಿ ಮಹದೇವನ ಎದೆಗೆ ಬಡಿದು ಒಡೆಯಿತು. ರಬ್ಬರು, ಕರ್ಪೂರ, ನಿಂಬೆ ಎಲ್ಲ ಸೇರಿ ನನ್ನ ಮೂಗಿಗೆ ಬಂತು. ಏನೂ ತೋಚದೆ ಶಿವನೇ ಎಂದು ನಾನು ಆ ಸ್ಟಾರ್ಟಿನ ಗುಂಡಿಯನ್ನೇ ಒತ್ತಿ ಹಿಡಿದೆ. ಎಂಜಿನ್ ನಿಂತಿತು.

ಆಮೇಲೆ ಚಪ್ಪಾಳೆ!

"ಮಾಮಾ! ಬರ್ನ್ಔಟ್! ಸೆಮ ಮಾಮಾ!" ಎಂದು, ಬೇಕೆಂದೇ ತೋರಿಸಿದ ಕಸರತ್ತು ಅದೆಂದು ತಿಳಿದು, ಶಿವರಂಜನ್ ಕುಣಿದ. ಟೀ ಅಂಗಡಿಯವರು ಶಿಳ್ಳೆ ಹೊಡೆದರು. ಗುರುಕ್ಕಳ್ ಬಗ್ಗಿ ನೋಡಿದರು. ಮುಂದಿನ ಎರಡು ನಿಂಬೆಹಣ್ಣು ಕುಂಕುಮ ಕೂಡ ಅಳಿಸದೆ ಇಟ್ಟಲ್ಲೇ ಇದ್ದವು. "ಸಾರ್ ಸೊನ್ನದು ಕರೆಕ್ಟ್," ಎಂದು ಇವರ ಮಾತನ್ನು ಒಪ್ಪಿಕೊಂಡು ಅವನ್ನು ಎತ್ತಿ ತಟ್ಟೆಗೆ ಹಾಕಿಕೊಂಡರು. ಹೊಗೆ ಕಂಡು ಮೂಲೆಯಿಂದ ಓಡಿಬಂದ ಟ್ರಾಫಿಕ್ ಕಾನ್‌ಸ್ಟೇಬಲ್, ಬೈಯಲು ಬಾಯಿ ತೆರೆದವನು, ಒಳಗೆ ವಿಭೂತಿ ಹಚ್ಚಿದ ಮುದುಕನನ್ನೂ ನನ್ನನ್ನೂ ನೋಡಿ, "ಮೆದುವಾ, ಪಾಟೀ," ಎಂದು, ಅಜ್ಜಿಯೆಂದೇ ಕರೆದು, ಕೈಹಿಡಿದು ನನ್ನನ್ನು ಮೆಲ್ಲಗೆ ಮೇಲೆತ್ತಿದ.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಮಹದೇವ. ಎದೆಯ ಮೇಲೆ ಹಳದಿ ಕಲೆ, ಮೂಗಿನ ಮೇಲೆ ಒಂದು ಬೀಜ. "ನಾನ್ ಏಳ್ಲಿಲ್ವಾ? ನೋಡುದ್ರಾ? ತಿರುವೊಟ್ಟಿಯೂರ್ ಕೈ ಸಾರ್ ಇದು! ಈ ಅಂಗಿ ನಾನ್ ಒಗಿಯಾಕಿಲ್ಲ, ಸಂಘುಕ್ಕೆ ಇದ್ನೇ ಹಾಕ್ಕೊಂಡ್ ಬತ್ತೀನಿ."

ಇವರು ಆಗ ಸುಮ್ಮನಿದ್ದಿದ್ದರೆ ಈ ಊರಿನಲ್ಲಿ ಸಾಯುವ ತನಕ ಮಸ್ಟಾಂಗ್ ಏಕಾಂತಪ್ಪ ಎಂದೇ ಕರೆಸಿಕೊಳ್ಳುತ್ತಿದ್ದರು. ಆದರೆ ಇವರು ಯಾರನ್ನೂ ನೋಡುತ್ತಿರಲಿಲ್ಲ. ಗಾಡಿಯ ಮುಂದೆ, ನಾಲ್ಕು ಅಡಿ ದೂರದಲ್ಲಿ, ಸಣ್ಣಮ್ಮ ಇನ್ನೂ ಆರತಿ ತಟ್ಟೆ ಹಿಡಿದೇ ನಿಂತಿದ್ದರು. ದೀಪ ಆರಿಹೋಗಿತ್ತು.

ಇವರು ಬಾಗಿಲು ಹಿಡಿದು ಎದ್ದು ಹೋಗಿ ಅವರ ಮುಂದೆ ಕೈಮುಗಿದರು.

"ತಾಯೀ, ತಪ್ಪಾಯ್ತು. ನಾ ಈ ಗಾಡಿ ಎಂದೂ ಓಡಿಸಿದವನಲ್ಲ. ಕ್ಲಚ್ ಅಂತ ತಿಳಿದು ಬ್ರೇಕ್ ತುಳಿದೆ. ಇನ್ನೊಂದು ಕ್ಷಣಕ್ಕ ಕ್ಲಚ್ ಬಿಟ್ಟಂಗ ಆ ಕಾಲು ಬಿಡೋನಿದ್ದೆ. ಬಿಟ್ಟಿದ್ರ..." ಮಹದೇವನ ಕಡೆ ತಿರುಗಿ, "ತಿರುವೊಟ್ಟಿಯೂರು ಸುಳ್ಳು ಮಹದೇವಪ್ಪಾ. ತೊಡೆ ನೋವು ಆಟೊದ್ದು," ಎಂದರು.

ಸಣ್ಣಮ್ಮ "ಅಯ್ಯೋ, ಬುಡಿ ಅಣ್ಣಾ," ಎಂದರು. ಮಹದೇವ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು, ಹೆಂಡತಿಯ ಕೈಯಿಂದ ತಟ್ಟೆ ಇಸಿದುಕೊಂಡು, ಅವರನ್ನು ಮುಂದೆ ಬಿಟ್ಟು ಮೆಟ್ಟಿಲು ಹತ್ತಿ ಹೋದರು.

ಸಂಜೆ ಬಿಂದುವಿನ ಫೋನು ಬಂತು. ವಿಡಿಯೊ ಅವಳಿಗೂ ತಲುಪಿತ್ತು. ಬೈಯುತ್ತಾಳೆ ಎಂದುಕೊಂಡೆ. "ಅಪ್ಪ ಊಟ ಮಾಡಿದ್ರಾ?" ಎಂದು ಮಾತ್ರ ಕೇಳಿದಳು. ಮಾಡಿರಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ. ಇವರು ಬಾಲ್ಕನಿಯ ಕುರ್ಚಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿಕೊಂಡರು. ಟ್ಯಾಬಿನ ಮೇಲೆ ದಿನಪತ್ರಿಕೆ ಬಿತ್ತು. ಕಾಫಿ, ಬೇಡ, ಆಯ್ತು. ನಾನು ಕೆಳಗೆ ಇಣುಕಿದರೆ ಬೆಂಚೂ ಖಾಲಿ. ತಳ್ಳುಗಾಡಿಯವಳು ಬೆಂಚಿನ ಮುಂದೆ ಒಂದು ನಿಮಿಷ ನಿಂತು, ಮೇಲೆ ನೋಡಿ, ಹೋಗುತ್ತಿದ್ದಳು. ಒಂದು ಸಲ ನಾನೇ, "ಚಾಲೆಂಜರ್‌ನ ನಾಲ್ಕೂ ಗಾಲಿ ದುಡಿಯೋ ಥರಾನೂ ಮಾಡಿದ್ರಂತಲ್ಲ, ಹೌದೇನ್ರಿ?" ಎಂದು ಗಾಳ ಹಾಕಿದೆ. ಅಡುಗೆ ಬಿಟ್ಟು ಓದಿ ಹುಡುಕಿದ ಪ್ರಶ್ನೆ ಅದು. "ಇರಬಹುದು," ಎಂದರು. ಏಳು ತಿಂಗಳಿಗೆ ಮೂರೇ ಪದ ಇದ್ದವು, ಈಗ ನಾಲ್ಕಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮಹದೇವ. ಲಿಫ್ಟ್ ಕೆಟ್ಟಿದ್ದರಿಂದ ಏದುಸಿರು. ಎಡಗೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಕರಪತ್ರಗಳ ಕಟ್ಟು. ನನ್ನನ್ನು ಕೇಳದೆ ನೇರ ಬಾಲ್ಕನಿಗೆ ಹೋಗಿ, ಕಟ್ಟನ್ನು ಇವರ ತೊಡೆಯ ಮೇಲಿಟ್ಟರು. ಇಟ್ಟದ್ದು ಉಳುಕಿದ ಎಡತೊಡೆ ತಪ್ಪಿಸಿ, ಬಲತೊಡೆಯ ಮೇಲೆ.

ನಾನೂ ಹೋಗಿ ನೋಡಿದೆ. 'ಪ್ರತ್ಯಕ್ಷ ಅನುಭವ' ಎಂಬುದನ್ನು ಸ್ಕೇಲಿಟ್ಟು ನೀಲಿ ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ಡಿಪೊದ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಅಮೆರಿಕದ ಕಾರುಗಳು: ಒಂದು ಅಂದಾಜು.' ಕೆಳಗಿನದರಲ್ಲೂ ಹಾಗೇ, ಅದರ ಕೆಳಗಿನದರಲ್ಲೂ. ಹಂಚದೆ ಉಳಿದಿದ್ದ ಅಷ್ಟರಲ್ಲೂ. ಮಹದೇವನ ಮೂರು ಬೆರಳು ನೀಲಿಯಾಗಿದ್ದವು.

"ಮೂರ್ ದಿನ ಸಿಟ್ಟಿತ್ತು ಸಾರ್," ಎಂದರು ಅವರು. "ಮನೆಯೋಳು ಸಿಟ್ಟು ಸಾಕು, ಕೂತ್ಕೊಂಡು ತಿದ್ದು ಅಂದ್ಲು. ಭಾಷಣದಲ್ಲಿ ಆ ಕ್ಲಚ್ಚಿನ್ ಕತೆ ಮೊದ್ಲು ಹೇಳ್ಬೇಕು. ಅದೊಂದೇ ನೀವು ಖುದ್ದು ಕಂಡಿರೋದು."

ಇವರು ಕರಪತ್ರದ ಮೇಲೆ ಕೈಯಾಡಿಸುತ್ತ ಕೂತರು. ತಲೆ ಎತ್ತಲಿಲ್ಲ. "ಮಹದೇವಪ್ಪಾ, ಗ್ರೈಂಡರ್ ಕತೀನೂ ನಂದಲ್ಲ. ಶಂಕ್ರೀದು," ಎಂದರು.

"ಅದು ನಂಗ್ ಮೊದ್ಲೇ ಗೊತ್ತಿತ್ತು ಬುಡಿ."

ಮಹದೇವ ಕುರ್ಚಿಯನ್ನು ಇವರು ಕೂತಿದ್ದಂತೆಯೇ ಹಿಡಿದು ಪಾರ್ಕಿಂಗಿನ ಕಡೆ ಅರ್ಧ ತಿರುಗಿಸಿದರು. ಎಡಗಡೆಗೆ ಬಂದು ನಿಂತರು. ಡಬ್ಬಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದರು. ಸಣ್ಣಮ್ಮನ ಚಿತ್ರಾನ್ನ, ಇನ್ನೂ ಹಬೆಯಾಡುತ್ತಿತ್ತು, ನಿಂಬೆಯ ವಾಸನೆ ಬಾಲ್ಕನಿ ತುಂಬ ಹರಡಿತು. ಬಿಸಿ ತಾಗದ ಹಾಗೆ ಬಟ್ಟೆಯನ್ನು ಅಡಿಗೆ ಮಡಿಸಿ, ಡಬ್ಬಿಯನ್ನು ಇವರ ಎರಡು ಕೈಗಳ ನಡುವೆ ಇಟ್ಟರು.